ಅಳಿಸಿ ಬರೆಯುವ ಬಿಲ್ಲೆ ಬರೆಯಲೊಲ್ಲೆನೆಂದಾಗ

ಗಣಕಯಂತ್ರದಲ್ಲಿ ಕೂಡಿಟ್ಟ ಬರಹವನ್ನೋ ಚಿತ್ರವನ್ನೋ ನಾವು ಇಂದು ‘ಕಡತ’ವೆಂದು ಕರೆಯುತ್ತೇವೆ. ಈ ಹೆಸರಿನ ವಸ್ತುವೊಂದು ಗಣಕವು ಹುಟ್ಟುವುದಕ್ಕೆ ಬಹಳ ಮೊದಲೇ ಕನ್ನಡ ನಾಡಿನಲ್ಲಿ ಬಳಕೆಯಲ್ಲಿದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ವರ್ತಕರು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯುತ್ತಿದ್ದರು. ಅಂತಹ ಹಳೆಯ ಕಡತಗಳು ಶೃಂಗೇರಿ ಮಠದಲ್ಲಿ ಉಳಿದು ಬಂದಿವೆ. ಹೀಗೆ ಅಳಿಸಿ ಬರೆಯುವ ಸೌಕರ್ಯ ನಮಗೆ ಹೊಸದೇನೂ ಅಲ್ಲ. ಆದರೆ 1997ರಲ್ಲಿ ಬಳಕೆಗೆ ಬಂದ ಪುನರ್ಲೇಖನ ಸೀಡಿಯು, ಎಂದರೆ ಸಿ.ಡಿ.-ಆರ್.ಡಬ್ಲ್ಯೂ. ಎಂಬ ಬಿಲ್ಲೆಯು, ಈ ಕೆಲಸವನ್ನು ಮಾಡುವ ಬಗೆ ಬೇರೆ. ಅದು ಕೆಲವೊಮ್ಮೆ ಬರೆಯಲು ಒಲ್ಲೆನೆನ್ನುವುದಕ್ಕೂ ಕಾರಣ ಆ ಬಗೆಯಲ್ಲಿಯೇ ಅಡಗಿದೆ.

ಕಲಬುರಗಿಯ ಕಪನೂರದಂತಹ ಕಡೆಗಳಲ್ಲಿ ಎಷ್ಟೋ ಮನೆಗಳ ಕಪಾಟುಗಳಲ್ಲಿ ಇಂತಹ ಬಿಲ್ಲೆಗಳು ಇನ್ನೂ ಇವೆ. 2000ದಿಂದ 2010ರವರೆಗಿನ ಮದುವೆಯ ಭಾವಚಿತ್ರಗಳು, ಅಂಗಡಿಯ ಲೆಕ್ಕ, ಅಣ್ಣನೋ ಅಕ್ಕನೋ ಕಾಲೇಜಿಗೆ ಒಪ್ಪಿಸಿದ ಪ್ರಬಂಧ ಎಲ್ಲವೂ ಅವುಗಳಲ್ಲಿವೆ. ಯಾರಾದರೊಬ್ಬರು ಅಂತಹ ಬಿಲ್ಲೆಗೆ ಹೊಸ ಕಡತವೊಂದನ್ನು ಸೇರಿಸಲು ಹೊರಡುತ್ತಾರೆ. ಗಣಕವು ಆಗದೆಂದು ಹೇಳುತ್ತದೆ. ಬೇಸತ್ತು ‘ಅಳಿಸು’ ಎಂಬ ಆಜ್ಞೆಯನ್ನು ಒತ್ತಿಬಿಡುತ್ತಾರೆ. ಹಿಂದಕ್ಕೆ ಪಡೆಯಲಾಗದ ಹೆಜ್ಜೆ ಅದೊಂದೇ. ಬಿಲ್ಲೆಯು ಒಲ್ಲೆನೆಂದಾಗ ದೋಷವು ಅದರ ದ್ರವ್ಯದಲ್ಲಿರಬಹುದು, ಅದರ ಮೇಲಿನ ಲೆಕ್ಕಪತ್ರದಲ್ಲಿರಬಹುದು, ಇಲ್ಲವೆ ಬರೆಯುವ ಯಂತ್ರದಲ್ಲಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯುವವರೆಗೆ ಅಳಿಸಕೂಡದು.

ಮೊದಲು ದ್ರವ್ಯವನ್ನು ನೋಡೋಣ. ಬಿಲ್ಲೆಯ ಬಹುಭಾಗ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದರ ಮೇಲ್ಬದಿಗೆ ಬೆಳ್ಳಿ, ಇಂಡಿಯಮ್, ಆಂಟಿಮೊನಿ, ಟೆಲ್ಯೂರಿಯಮ್ ಈ ನಾಲ್ಕು ಧಾತುಗಳ ಮಿಶ್ರಲೋಹದ ಅತಿ ತೆಳುವಾದ ಪದರವಿದೆ. ಈ ಮಿಶ್ರಲೋಹಕ್ಕೆ ಎರಡು ರೂಪಗಳುಂಟು. ಪರಮಾಣುಗಳು ಕ್ರಮವಾಗಿ ಸಾಲುಗೂಡಿದ ಸ್ಫಟಿಕರೂಪವೊಂದು. ಅವು ಅಸ್ತವ್ಯಸ್ತವಾಗಿ ಬಿದ್ದ ಗಾಜಿನಂತಹ ರೂಪ ಮತ್ತೊಂದು. ನಮ್ಮ ಅಡಿಗೆಮನೆಯಲ್ಲಿ ಇದಕ್ಕೆ ಒಳ್ಳೆಯ ಹೋಲಿಕೆಯಿದೆ. ಸಕ್ಕರೆಯ ಪಾಕವನ್ನು ನಿಧಾನವಾಗಿ ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ. ಅದೇ ಸಕ್ಕರೆಯನ್ನು ಬಿಸಿಯಾಗಿ ಕರಗಿಸಿ ಬೇಗನೆ ತಣಿಸಿದರೆ ಪೆಪ್ಪರಮಿಂಟಿನಂತೆ ಗಾಜಾಗಿ ಗಟ್ಟಿಯಾಗುತ್ತದೆ. ಎರಡೂ ಸಕ್ಕರೆಯೇ, ಬೆಳಕಿನೊಡನೆ ವರ್ತಿಸುವ ಬಗೆ ಮಾತ್ರ ಬೇರೆ.

ಬಿಲ್ಲೆಯ ಮೇಲೆ ಬರೆಯುವುದೆಂದರೆ 780 ನ್ಯಾನೊಮೀಟರ್ ತರಂಗದೂರದ ಲೇಸರ್ ಕಿರಣದಿಂದ ಚುಕ್ಕೆಯಷ್ಟು ಜಾಗವನ್ನು ಸುಮಾರು 600° ಸೆಂಟಿಗ್ರೇಡಿಗೆ ಕಾಯಿಸಿ ಕರಗಿಸುವುದು. ಕಿರಣ ಮುಂದೆ ಸಾಗಿದೊಡನೆ ಆ ಚುಕ್ಕೆ ಥಟ್ಟನೆ ತಣಿಯುತ್ತದೆ. ಸಾಲುಗೂಡಲು ಪರಮಾಣುಗಳಿಗೆ ವೇಳೆ ಸಾಲದು. ಗಾಜಿನ ರೂಪ ಉಳಿಯುತ್ತದೆ. ಅಳಿಸಬೇಕಾದರೆ ಕಿರಣದ ಬಲವನ್ನು ತಗ್ಗಿಸಿ, ಕರಗದಷ್ಟು ಆದರೆ ಸುಮಾರು 200° ಸೆಂಟಿಗ್ರೇಡಿಗೆ ಮಿಗಿಲಾಗಿ ಕಾಯಿಸಿದರೆ ಸಾಕು. ಪರಮಾಣುಗಳು ಮತ್ತೆ ಸ್ಫಟಿಕವಾಗಿ ಕೂಡಿಕೊಳ್ಳುತ್ತವೆ. ಸ್ಫಟಿಕಭಾಗ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಗಾಜಿನ ಭಾಗ ಕಡಿಮೆ. ಈ ವ್ಯತ್ಯಾಸವನ್ನು ದುರ್ಬಲವಾದ ಮೂರನೆಯ ಬಲದ ಕಿರಣದಿಂದ ಓದುತ್ತಾರೆ. ಅವ್ಯವಸ್ಥಿತ ದ್ರವ್ಯಗಳು ಹೀಗೆ ಎರಡು ಸ್ಥಿತಿಗಳ ನಡುವೆ ಹಿಂದುಮುಂದಾಗಿ ಬದಲಾಗಬಲ್ಲವೆಂಬುದನ್ನು 1968ರಲ್ಲಿ ಪ್ರಕಟವಾದ ಪ್ರಸಿದ್ಧ ಲೇಖನವೊಂದರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಒವ್ಶಿನ್ಸ್ಕಿ ತಿಳಿಸಿದರು. ಅವರು ಕಾಲೇಜಿನ ಪದವಿ ಪಡೆದವರಲ್ಲ. ಯಂತ್ರಕೆಲಸದಿಂದ ಆರಂಭಿಸಿ ಸ್ವಂತವಾಗಿ ಕಲಿತವರೆಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಈ ಭೌತವಿಜ್ಞಾನವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅನೇಕ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ‘4x’, ‘10x’ ಎಂದು ಬಿಲ್ಲೆಯ ಮೇಲೆ ಮುದ್ರಿಸಿರುವ ವೇಗವನ್ನು ತೆಗೆದುಕೊಳ್ಳಿರಿ. ಮೂಲವೇಗದಲ್ಲಿ ಬಿಲ್ಲೆಯ ಜಾಡು ಸೆಕೆಂಡಿಗೆ ಸುಮಾರು 1.2 ಮೀಟರ್ ಸರಿಯುತ್ತದೆ. ಚುಕ್ಕೆಯ ಅಗಲ ಒಂದು ಮೈಕ್ರಾನೆಂದು ಹಿಡಿದರೆ, ಯಾವುದೇ ಒಂದು ಬಿಂದು ಕಿರಣದಡಿಯಲ್ಲಿ ಇರುವ ಕಾಲ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ. ಹತ್ತರಷ್ಟು ವೇಗದಲ್ಲಿ ಅದೂ ಹತ್ತನೆಯ ಒಂದು ಪಾಲಾಗುತ್ತದೆ. ಅಷ್ಟರೊಳಗೆ ಸ್ಫಟಿಕವಾಗಬೇಕಾದರೆ ಮಿಶ್ರಲೋಹವೇ ಬೇರೆ ಹದದ್ದಾಗಿರಬೇಕು. ಆದುದರಿಂದಲೇ 1ರಿಂದ 4ರ ವೇಗದ ಬಿಲ್ಲೆ ಬೇರೆ, ‘ಹೈಸ್ಪೀಡ್’ ಬಿಲ್ಲೆ ಬೇರೆ, ‘ಅಲ್ಟ್ರಾ ಸ್ಪೀಡ್’ ಬಿಲ್ಲೆ ಬೇರೆ. ಹಳೆಯ ಬರಹಯಂತ್ರಕ್ಕೆ ಶೀಘ್ರವೇಗದ ಬಿಲ್ಲೆಯನ್ನು ಕೊಟ್ಟರೆ ಅದು ಓದೀತು, ಬರೆಯಲಾರದು. ಅಂಗಡಿಯವನು ಕೆಟ್ಟ ಬಿಲ್ಲೆ ಕೊಟ್ಟನೆಂದು ದೂರುವ ಮೊದಲು ಬಿಲ್ಲೆಯ ಮೇಲಿನ ಅಕ್ಷರಗಳನ್ನೂ ಯಂತ್ರದ ಮುಖಫಲಕವನ್ನೂ ಹೋಲಿಸಿ ನೋಡಬೇಕು.

ಮತ್ತೊಂದು ದೂರು ಬಹು ಸಾಮಾನ್ಯ: ನಮ್ಮ ಮನೆಯ ಗಣಕ ಬಿಲ್ಲೆಯನ್ನು ಓದುತ್ತದೆ, ಪಕ್ಕದ ಮನೆಯ ಹಳೆಯ ಯಂತ್ರ ಓದದು. ಅಚ್ಚೊತ್ತಿದ ಸಂಗೀತದ ಸೀಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 70ರಷ್ಟನ್ನಾದರೂ ಹಿಂದಿರುಗಿಸುತ್ತದೆ. ಪುನರ್ಲೇಖನ ಸೀಡಿ ಹಿಂದಿರುಗಿಸುವುದು ನೂರಕ್ಕೆ 15ರಿಂದ 25ರಷ್ಟು ಮಾತ್ರ. ಹಳೆಯ ಯಂತ್ರದ ಕಣ್ಣಿಗೆ ಅದು ಕತ್ತಲೆಯೇ ಸರಿ. ಇಲ್ಲಿ ಕಡತವೂ ಕೆಟ್ಟಿಲ್ಲ, ಬಿಲ್ಲೆಯೂ ಕೆಟ್ಟಿಲ್ಲ.

ಈಗ ಲೆಕ್ಕಪತ್ರದ ಮಾತು. ನನ್ನ ಅಭಿಪ್ರಾಯದಲ್ಲಿ ಮನೆಗಳಲ್ಲಿ ಕಾಣುವ ತೊಂದರೆಗಳಲ್ಲಿ ಬಹುಪಾಲು ಇಲ್ಲಿಯವು. ಪಾಟಿಯ ಮೇಲೆ ಎಲ್ಲಿ ಬೇಕಾದರಲ್ಲಿ ಗೀಚಬಹುದು. ಬಿಲ್ಲೆಯ ಮೇಲೆ ಹಾಗಲ್ಲ. ಅದರ ಜಾಡು ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿ. ಬಿಡಿಸಿ ನೇರಮಾಡಿದರೆ ಅದರ ಉದ್ದ 5 ಕಿಲೋಮೀಟರಿಗೂ ಹೆಚ್ಚು. ಕಲಬುರಗಿ ನಗರದಿಂದ ಹುಮನಾಬಾದ ರಸ್ತೆ ಹಿಡಿದು ಕಪನೂರದ ಕಡೆಗೆ ಕಾಲ್ನಡಿಗೆಯಲ್ಲಿ ಹೋದವರಿಗೆ ಆ ಉದ್ದದ ಅನುಭವ ಉಂಟು. ಈ ದಾರಿಯಲ್ಲಿ ಯಾವ ಕಡತ ಎಲ್ಲಿದೆಯೆಂದು ತಿಳಿಸುವ ಪಟ್ಟಿಯಿಲ್ಲದಿದ್ದರೆ ಎಲ್ಲವನ್ನೂ ಬರೆದಿದ್ದರೂ ಬಿಲ್ಲೆ ಬರಿದೇ.

ಪಟ್ಟಿಯಿಡುವ ಪದ್ಧತಿಗಳು ಎರಡು. ಮೊದಲನೆಯದರಲ್ಲಿ ಎಲ್ಲ ಕಡತಗಳನ್ನೂ ಒಟ್ಟುಗೂಡಿಸಿ, ಒಂದೇ ಉಸಿರಿನಲ್ಲಿ ಬರೆದು, ಪಟ್ಟಿಯನ್ನು ಮುದ್ರೆಯೊತ್ತಿ ಮುಚ್ಚುತ್ತಾರೆ. 2001ರ ವಿಂಡೋಸ್ ಎಕ್ಸ್‌ಪಿ ಗಣಕಗಳು ಈ ಪದ್ಧತಿಯವು. ಅವುಗಳಲ್ಲಿ ಕಡತವನ್ನು ಎಳೆದು ಬಿಲ್ಲೆಯ ಚಿತ್ರದ ಮೇಲೆ ಬಿಟ್ಟರೆ ಅದು ಬಿಲ್ಲೆಗೆ ಹೋಗುವುದಿಲ್ಲ. ಗಣಕದೊಳಗಿನ ತಾತ್ಕಾಲಿಕ ಅಟ್ಟವೊಂದರಲ್ಲಿ ಕಾದು ಕುಳಿತಿರುತ್ತದೆ. ಕಿಟಕಿಯಲ್ಲಿ ಅದರ ಹೆಸರು ಕಾಣುವುದರಿಂದ ಉಳಿಸಿದೆವೆಂದು ನಾವು ನಂಬುತ್ತೇವೆ. ಹೆಸರಿನ ಚಿಹ್ನೆ ಮಸುಕಾಗಿದ್ದು ಕೆಳಮುಖದ ಬಾಣವನ್ನು ಹೊತ್ತಿದ್ದರೆ ಅದು ಇನ್ನೂ ಅಟ್ಟದಲ್ಲಿಯೇ ಇದೆಯೆಂದು ಅರ್ಥ. ‘ಈ ಕಡತಗಳನ್ನು ಸೀಡಿಗೆ ಬರೆ’ ಎಂಬ ಆಜ್ಞೆಯನ್ನು ಕೊಟ್ಟ ಮೇಲಷ್ಟೇ ಲೇಸರ್ ಕೆಲಸಕ್ಕಿಳಿಯುತ್ತದೆ. ಬಿಲ್ಲೆಯನ್ನು ಹೊತ್ತುಕೊಂಡು ಕಾಲೇಜಿಗೆ ಹೋಗಿ ಅದು ಬರಿದಾಗಿರುವುದನ್ನು ಕಂಡ ವಿದ್ಯಾರ್ಥಿಗೆ ಮನೆಯ ಗಣಕದ ಅಟ್ಟದಲ್ಲಿ ಪ್ರಬಂಧ ಸುರಕ್ಷಿತವಾಗಿರುತ್ತದೆಂಬುದೇ ಸಮಾಧಾನ. ಇನ್ನೊಂದು ಮಾತು: ಎಕ್ಸ್‌ಪಿಗೆ ತನ್ನಷ್ಟಕ್ಕೆ ಸೀಡಿ ಬರೆಯುವ ವಿದ್ಯೆಯಿದ್ದರೂ ಡಿ.ವಿ.ಡಿ.-ಆರ್.ಡಬ್ಲ್ಯೂ. ಬರೆಯುವ ವಿದ್ಯೆಯಿರಲಿಲ್ಲ, ಅದಕ್ಕೆ ಬೇರೆ ತಂತ್ರಾಂಶ ಬೇಕಾಗಿದ್ದಿತು.

ಎರಡನೆಯ ಪದ್ಧತಿಯಲ್ಲಿ ಬಿಲ್ಲೆಯನ್ನು ಮೊದಲೇ ಸಣ್ಣ ಸಣ್ಣ ಮಡಿಗಳಾಗಿ ಹಸನುಮಾಡಿಟ್ಟು, ಕಡತಗಳನ್ನು ಬೇಕೆಂದಾಗ ಒಂದೊಂದಾಗಿ ಬರೆಯುತ್ತಾರೆ. ಡೈರೆಕ್ಟ್ ಸೀಡಿ, ಇನ್‌ಸೀಡಿ ಎಂಬ ತಂತ್ರಾಂಶಗಳು ಹೀಗೆ ಮಾಡುತ್ತಿದ್ದುವು. 2007ರ ವಿಸ್ತಾದಿಂದೀಚೆಗೆ ವಿಂಡೋಸಿನಲ್ಲಿಯೇ ಈ ಸೌಕರ್ಯ ಸೇರಿತು. ಇದರ ಸುಖಕ್ಕೆ ತೆರಬೇಕಾದ ಬೆಲೆಯೂ ಉಂಟು. ಸೀಡಿಯಲ್ಲಿ ಪ್ರತಿಯೊಂದು ಮಡಿಯ 39 ಭಾಗಗಳಲ್ಲಿ ನಮ್ಮ ಬರಹಕ್ಕೆ ದೊರೆಯುವುದು 32. ಉಳಿದ 7 ಭಾಗಗಳು ಒಡ್ಡು ಬದುಗಳಂತೆ ಜೋಡಣೆಗೆ ವ್ಯಯವಾಗುತ್ತವೆ. ಆದುದರಿಂದ 700 ಮೆಗಾಬೈಟಿನ ಬಿಲ್ಲೆಯಲ್ಲಿ 570ರಷ್ಟು ಮಾತ್ರ ಹಿಡಿಯುತ್ತದೆ. ಜಾಗವಿಲ್ಲವೆಂದು ಗಣಕ ಹೇಳಿದರೆ ಅದು ಸುಳ್ಳಾಡುತ್ತಿಲ್ಲ. ಡಿ.ವಿ.ಡಿ.ಯಲ್ಲಿ ಇನ್ನೊಂದು ಬಗೆಯ ಮೋಸವಿದೆ. ತಯಾರಕರು 4.7 ಗಿಗಾಬೈಟ್ ಎನ್ನುವಾಗ ಗಿಗಾ ಎಂದರೆ ನೂರು ಕೋಟಿ. ವಿಂಡೋಸ್ ಎಣಿಸುವಾಗ ಅದೇ ಗಿಗಾ 107 ಕೋಟಿಗೂ ತುಸು ಹೆಚ್ಚು. ಭಾಗಿಸಿ ನೋಡಿರಿ: 4.38 ಬರುತ್ತದೆ. ಪರದೆಯ ಮೇಲೆ 4.5 ಎಂದು ಕಾಣುವ ಚಲನಚಿತ್ರ 4.7ರ ಬಿಲ್ಲೆಯಲ್ಲಿ ಹಿಡಿಯದಿರುವುದು ಇದರಿಂದಲೇ.

ಕನ್ನಡಿಗರಿಗೆ ವಿಶೇಷವಾದ ತೊಡಕೊಂದು ಹೆಸರಿಗೆ ಸಂಬಂಧಿಸಿದ್ದು. ಮೊದಲನೆಯ ಪದ್ಧತಿಯಲ್ಲಿ ಜೋಲಿಯೆಟ್ ಎಂಬ ಕ್ರಮದ ಪ್ರಕಾರ ಕಡತದ ಹೆಸರು 64 ಸಂಕೇತಗಳನ್ನು ಮೀರಕೂಡದು. ನಾವು ಒಂದು ಅಕ್ಷರವೆಂದು ಎಣಿಸುವುದನ್ನು ಗಣಕ ಹಲವು ಸಂಕೇತಗಳಾಗಿ ಎಣಿಸುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು ಬೇಕು. ಉದ್ದನೆಯ ಕನ್ನಡ ಹೆಸರಿಟ್ಟ ಕಡತ ಬಿಲ್ಲೆಗೆ ಹೋಗಲೊಪ್ಪದಿದ್ದರೆ ಹೆಸರನ್ನು ಮೊಟಕುಮಾಡಿ ನೋಡಬೇಕು.

ಇನ್ನು ಬಿಲ್ಲೆಯ ಮೇಲಿದ್ದ ಕಡತವನ್ನೇ ತೆರೆದು, ತಿದ್ದಿ, ಅಲ್ಲಿಯೇ ಉಳಿಸಲು ಹೋಗುವುದುಂಟು. ಮುಚ್ಚಿದ ಪಟ್ಟಿಯ ಬಿಲ್ಲೆಯಲ್ಲಿ ಇದು ಸಾಧ್ಯವೇ ಇಲ್ಲ. ಗಣಕಕ್ಕೆ ನಕಲು ತೆಗೆದುಕೊಂಡರೂ, ಹಳೆಯ ವಿಂಡೋಸಿನಲ್ಲಿ ಆ ನಕಲು ‘ಓದಲಿಕ್ಕೆ ಮಾತ್ರ’ ಎಂಬ ಗುರುತನ್ನು ಜೊತೆಯಲ್ಲಿ ತರುತ್ತಿದ್ದಿತು. ಕಡತದ ಗುಣಲಕ್ಷಣಗಳಲ್ಲಿ ಆ ಗುರುತನ್ನು ತೆಗೆದುಹಾಕಿದರೆ ತೊಂದರೆ ಮುಗಿಯಿತು.

ಉಳಿದದ್ದು ಯಂತ್ರ. ಬರೆಯುವ ಮೊದಲು ಯಂತ್ರವು ಬಿಲ್ಲೆಯ ಒಳಅಂಚಿನ ಮೀಸಲು ಪಟ್ಟಿಯಲ್ಲಿ ನಾನಾ ಬಲಗಳಲ್ಲಿ ಲೇಸರನ್ನು ಹಾಯಿಸಿ, ಯಾವ ಬಲ ಹಿತವೆಂದು ಪರೀಕ್ಷಿಸಿಕೊಳ್ಳುತ್ತದೆ. ಮಸೂರದ ಮೇಲೆ ಧೂಳು ಕುಳಿತಿದ್ದರೆ ಎಷ್ಟು ಬಲ ಕೊಟ್ಟರೂ ಸಾಲದು. ಆಗ ‘ಬಲದ ಹೊಂದಾಣಿಕೆ ವಿಫಲ’ವೆಂಬ ಅರ್ಥದ ಸಂದೇಶ ಬರುತ್ತದೆ. ತೊಗರಿಯ ನಾಡಾದ ಕಲಬುರಗಿಯಲ್ಲಿ, ಅದರಲ್ಲಿಯೂ ಕಪನೂರದ ಕೈಗಾರಿಕಾ ಪ್ರದೇಶದಂತೆ ಬೇಳೆ ಗಿರಣಿಗಳ ಹೊಟ್ಟಿನ ಧೂಳು ತೇಲುವಲ್ಲಿ, ಈ ಸಂದೇಶವನ್ನು ಕಂಡರೆ ಮೊದಲು ಮಸೂರವನ್ನು ಸಂಶಯಿಸಬೇಕು. ಬೇರೊಂದು ಬಿಲ್ಲೆ ಹಾಕಿದಾಗಲೂ ಅದೇ ಸಂದೇಶ ಬಂದರೆ ಸಂಶಯ ದೃಢವಾಯಿತು.

ಬೇಸಗೆಯದು ಬೇರೆಯೇ ಕಥೆ. ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40° ದಾಟುವುದು ವಾಡಿಕೆ. ಗಣಕದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಕಾದ ಲೇಸರಿಗೆ ಅಷ್ಟೇ ಬೆಳಕು ಕೊಡಲು ಹೆಚ್ಚು ವಿದ್ಯುತ್ತು ಬೇಕಾಗುತ್ತದೆ, ಅದರ ತರಂಗದೂರವೂ ತುಸು ಸರಿಯುತ್ತದೆ. ಮಧ್ಯಾಹ್ನ ಬರೆಯದ ಯಂತ್ರ ಬೆಳಗಿನ ಜಾವ ಬರೆದರೆ ಅದು ಪವಾಡವಲ್ಲ. ವೇಗವನ್ನು ತಗ್ಗಿಸಿ ಬರೆಯುವುದೂ ಅನೇಕ ಸಲ ಫಲಿಸುತ್ತದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಲ್ಲೆಯನ್ನು ಬಿಡುವುದಂತೂ ಸಲ್ಲದು: ಹಳೆಯ ಪೆಪ್ಪರಮಿಂಟಿನಲ್ಲಿ ಸಕ್ಕರೆ ಮೆಲ್ಲಗೆ ಹರಳುಗಟ್ಟುವಂತೆ ಗಾಜಿನ ಚುಕ್ಕೆಗಳೂ ಶಾಖದಲ್ಲಿ ಸ್ಫಟಿಕದತ್ತ ಸರಿಯುತ್ತವೆ, ಎಂದರೆ ತಾವಾಗಿಯೇ ಅಳಿಯುತ್ತವೆ.

ಬರೆಯುತ್ತಿರುವಾಗ ವಿದ್ಯುತ್ತು ಹೋದರೆ? ಕಡತದ ಬಹುಭಾಗ ಬಿಲ್ಲೆಯ ಮೇಲೆ ಬಿದ್ದಿರುತ್ತದೆ, ಪಟ್ಟಿ ಮಾತ್ರ ಪೂರ್ತಿಯಾಗಿರುವುದಿಲ್ಲ. ಗಣಕವು ಬಿಲ್ಲೆ ಖಾಲಿಯೆಂದೋ ಕೆಟ್ಟಿದೆಯೆಂದೋ ಹೇಳಿ ಅಳಿಸಲು ಅಪ್ಪಣೆ ಕೇಳುತ್ತದೆ. ಬೇಡವೆನ್ನಬೇಕು. ಶೀಘ್ರ ಅಳಿಸುವಿಕೆ ಒಂದೆರಡು ನಿಮಿಷಗಳಲ್ಲಿ ಪಟ್ಟಿಯನ್ನಷ್ಟೇ ಒರಸುವುದಾದರೂ, ಆ ಬಳಿಕ ಮನೆಯ ಯಂತ್ರವು ಉಳಿದ ಸುರುಳಿಯತ್ತ ನೋಡುವುದೇ ಇಲ್ಲ. ಹಾಗೆಯೇ ಸುಮಾರು 1000 ಸಲ ಬರೆದು ಅಳಿಸಿದ ಮೇಲೆ ಮಿಶ್ರಲೋಹ ದಣಿಯುತ್ತದೆ. ಎರಡನೆಯ ಪದ್ಧತಿಯಲ್ಲಿ ಪಟ್ಟಿಯಿರುವ ಜಾಗವನ್ನು ಪ್ರತಿ ಸಲವೂ ತಿದ್ದುವುದರಿಂದ ಅದು ಉಳಿದೆಡೆಗಿಂತ ಬೇಗ ಸವೆಯುತ್ತದೆ; ಅಂತಹ ಬಿಲ್ಲೆಯಲ್ಲಿಯೂ ಕಡತಗಳು ಇದ್ದಲ್ಲಿಯೇ ಇರುತ್ತವೆ.

ಅವುಗಳನ್ನು ಎತ್ತಿಕೊಳ್ಳುವ ಕ್ರಮ ಹೀಗೆ. ಮೆತ್ತನೆಯ ಬಟ್ಟೆಯಿಂದ ಬಿಲ್ಲೆಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರಸಬೇಕು, ಸುತ್ತಾಗಿ ಅಲ್ಲ. ಅಡ್ಡಗೀರು ಬಿದ್ದರೆ ಜಾಡಿನಲ್ಲಿ ಕೆಡುವುದು ಅತ್ಯಲ್ಪ, ಸುಮಾರು 2.5 ಮಿಲಿಮೀಟರ್ ಜಾಡು ಕೆಟ್ಟರೂ ಸೀಡಿಯ ದೋಷನಿವಾರಣ ಗಣಿತ ಅದನ್ನು ತುಂಬಿಕೊಳ್ಳಬಲ್ಲದು. ಜಾಡಿನುದ್ದಕ್ಕೂ ಬಿದ್ದ ಗೀರು ಆ ಎಲ್ಲೆಯನ್ನು ಮೀರುತ್ತದೆ. ಬಳಿಕ ಬಿಲ್ಲೆಯನ್ನು ಮೊದಲು ಬರೆದ ಯಂತ್ರವೇ ಸಿಕ್ಕುವುದಾದರೆ ಅದರಲ್ಲಿ, ಇಲ್ಲವಾದರೆ ಹೊರಗಿನಿಂದ ಜೋಡಿಸುವ ಯಂತ್ರದಲ್ಲಿ ಹಾಕಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಪಟ್ಟಿಯನ್ನು ನೆಚ್ಚದೆ, ಸುರುಳಿಯ ತುಣುಕುಗಳಲ್ಲಿ ಓದಲಾದುದನ್ನು ಮೊದಲು ಗಣಕಕ್ಕೆ ತೆಗೆದುಕೊಂಡು, ಹಟಮಾಡುವುವನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಐಸೋಬಸ್ಟರ್ ಎಂಬುದು ಪಟ್ಟಿ ಮುರಿದ ಬಿಲ್ಲೆಯಲ್ಲಿಯೂ ಕಡತಗಳನ್ನು ಹುಡುಕಿಕೊಡುತ್ತದೆ. ಹೀಗೆ ಹೊರಬಂದ ಕನ್ನಡ ಬರಹವನ್ನು ತೆರೆದಾಗ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿ ಕಂಡರೆ ಕಡತ ಕೆಟ್ಟಿತೆಂದು ಎಸೆಯಬಾರದು. ಅಂದಿನ ನುಡಿ, ಬರಹ ತಂತ್ರಾಂಶಗಳು ಯೂನಿಕೋಡ್ ಅಲ್ಲದ ಸಂಕೇತಗಳಲ್ಲಿ ಬರೆಯುತ್ತಿದ್ದುವು. ಹಳೆಯ ಅಕ್ಷರಶೈಲಿಯನ್ನು ಗಣಕಕ್ಕೆ ಸೇರಿಸಿದರೆ, ಅಥವಾ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದರೆ, ಬರಹವು ಮೊದಲಿನಂತೆ ಕಾಣುತ್ತದೆ.