ಸೈಕಲ್ ಹತ್ತಿ ಹೊರಟೆವು, ಒಂದು ರಾತ್ರಿಗೆ!

"ಈ ವಯಸ್ಸಲ್ಲಿ ಸೈಕಲ್ಲಾ? ಅದೂ ಮಣ್ಣು ರಸ್ತೇಲಾ? ರಾತ್ರಿ ಬೇರೆ ಅಲ್ಲೇ ಇರ್ತೀರಾ?!"

ಹಾಲಿನ ಬೂತ್ ಮುಂದೆ ಸಿಕ್ಕ ಪಕ್ಕದ ರಸ್ತೆಯವರು ಹೀಗೆ ಕೇಳಿದಾಗ ನಕ್ಕು ಸುಮ್ಮನಾದೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಇದೇ ಪ್ರಶ್ನೆಯನ್ನು ಮನೆಯಲ್ಲಿ ಹದಿನೈದು ದಿನದಿಂದ ಕೇಳಿ ಕೇಳಿ ಸಾಕಾಗಿತ್ತು.

ನನಗೆ 47. ನಾಗರಭಾವಿಯಲ್ಲಿ ಮನೆ. ಅತ್ತೆ, ಯಜಮಾನರು, ಕಾಲೇಜಿಗೆ ಹೋಗುವ ಮಗ. ಸೈಕಲ್ ಕೂಡಾ ನನ್ನದಲ್ಲ, ಅವನದೇ. ಒಂಬತ್ತನೇ ಕ್ಲಾಸಿನಲ್ಲಿ ಹಠ ಹಿಡಿದು ಕೊಡಿಸಿಕೊಂಡವನು ಆಮೇಲೆ ಅದರ ಕಡೆ ತಿರುಗಿ ನೋಡಲಿಲ್ಲ. ಬಾಲ್ಕನಿಯಲ್ಲಿ ಅದರ ಮೇಲೆ ಟವೆಲ್ ಒಣಗುತ್ತಿತ್ತು. 2021ರಲ್ಲಿ, ಲಾಕ್‌ಡೌನ್ ಮುಗಿದ ಮೇಲೆ, ಒಂದು ಬೆಳಿಗ್ಗೆ ಟವೆಲ್ ತೆಗೆದು ಸೈಕಲ್ ಕೆಳಗಿಳಿಸಿದೆ. ಊರಲ್ಲಿ ಅಣ್ಣನ ದೊಡ್ಡ ಸೈಕಲ್ಲಿಗೆ ಒಳಪೆಡಲು ಹೊಡೆದು ಮಂಡಿ ತರಚಿಕೊಂಡವಳಿಗೆ ಬ್ಯಾಲೆನ್ಸ್ ಮರೆತಿರಲಿಲ್ಲ. ಮರೆತಿದ್ದು ಧೈರ್ಯ. ರಿಂಗ್ ರೋಡಿನಲ್ಲಿ ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಎದೆ ಬಾಯಿಗೆ ಬರುತ್ತಿತ್ತು. ಹಾಗಾಗಿ ಜ್ಞಾನಭಾರತಿ ಆವರಣದೊಳಗೆ ಹೋಗತೊಡಗಿದೆ. ಅಲ್ಲಿ ಟಾರು ಬಿಟ್ಟು ಮರಗಳ ನಡುವಿನ ಮಣ್ಣು ಹಾದಿಗೆ ಇಳಿದ ದಿನವೇ ನನಗೆ ಹುಚ್ಚು ಹಿಡಿದಿದ್ದು. ಲಾರಿಯಿಲ್ಲ, ಹಾರ್ನ್ ಇಲ್ಲ, "ಆಂಟಿ, ಸೈಡ್" ಅನ್ನೋ ಹುಡುಗರೂ ಇಲ್ಲ!

ಇದಕ್ಕೆ ಗ್ರಾವೆಲ್ ರೈಡಿಂಗ್ ಅಂತ ಹೆಸರಿದೆ ಎಂದು ಮಗ ಹೇಳಿದ. ಜಲ್ಲಿ, ಮಣ್ಣು, ಬಂಡಿ ಜಾಡು, ಕೆರೆ ಏರಿ ಹೀಗೆ ಟಾರಿಲ್ಲದ ದಾರಿಯಲ್ಲಿ ಸೈಕಲ್ ತುಳಿಯೋದು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಶುರುವಾದ ಒಂದು ಸ್ಪರ್ಧೆಯಲ್ಲಿ ಜಲ್ಲಿ ರಸ್ತೆಯ ಮೇಲೆ ಒಂದೇ ಸಮನೆ 200 ಮೈಲಿ, ಅಂದರೆ 320 ಕಿ.ಮೀ. ತುಳಿಯುತ್ತಾರಂತೆ. ಹೋಗಲಿ ಬಿಡಿ, ನಮಗೆ ಕಾನ್ಸಾಸ್ ಯಾಕೆ? ಬೆಂಗಳೂರಿನಿಂದ ಯಾವ ದಿಕ್ಕಿಗೆ ಒಂದು ಗಂಟೆ ಹೋದರೂ ರಾಗಿ ಹೊಲದ ಪಕ್ಕ ಒಂದು ಮಣ್ಣು ರಸ್ತೆ ಸಿಗುತ್ತೆ.

ಬಿದ್ದಿದ್ದು ಯಾಕೆ?

2023ರ ಜೂನ್‌ನಲ್ಲಿ ದೊಡ್ಡ ಆಲದ ಮರದ ಆಚೆ ಒಂದು ಇಳಿಜಾರಿನಲ್ಲಿ ಬಿದ್ದೆ. ಹೊಸದಾಗಿ ಜಲ್ಲಿ ಸುರಿದಿದ್ದರು. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಆ ಆರು ವಾರ ಹೇಗಿತ್ತು ಅಂತ ನಿಮಗೆ ವಿವರಿಸಬೇಕಿಲ್ಲ. ನನ್ನ ಜಡೆಯನ್ನು ನಾನೇ ಹಾಕಿಕೊಳ್ಳೋಕೆ ಆಗದು, ಕುಕ್ಕರ್ ಮುಚ್ಚಳ ತೆಗೆಯೋಕಾಗದು. ಎಪ್ಪತ್ತು ದಾಟಿದ ಅತ್ತೆ ಸಾರಿಗಿಡುತ್ತಿದ್ದರು, ಇವರು ಪಾತ್ರೆ ತೊಳೆಯುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು! "ಆ ಸೈಕಲ್ ಯಾರಿಗಾದರೂ ಕೊಟ್ಟುಬಿಡೋಣ್ವಾ?" ಅಂತ ಇವರು ಮೆಲ್ಲಗೆ ಕೇಳಿದಾಗ "ಹೂಂ" ಅಂದುಬಿಟ್ಟೆ. ಟವೆಲ್ ಮತ್ತೆ ಸೈಕಲ್ ಮೇಲೆ ಬಂತು.

ಆದರೆ ಕೂತಲ್ಲಿ ಒಂದೇ ಯೋಚನೆ. ಬಿದ್ದೆ ಸರಿ, ಯಾಕೆ ಬಿದ್ದೆ? ಪ್ಲಾಸ್ಟರ್ ಬಿಚ್ಚಿದ ಮೇಲೆ ನಮ್ಮ ಬಡಾವಣೆಯ ಸೈಕಲ್ ರಿಪೇರಿ ಅಂಗಡಿಯವರ ಹತ್ತಿರ ಹೋಗಿ ಕೇಳಿದೆ. ಅವರು ಟೈರು ಒತ್ತಿ ನೋಡಿ, "ಅಮ್ಮಾ, ಇದು ಕಲ್ಲಿನ ಹಂಗೆ ಗಾಳಿ ತುಂಬಿದೆ. ಜಲ್ಲಿ ಮೇಲೆ ಗೋಲಿ ಉರುಳಿದಂಗೆ ಉರುಳುತ್ತೆ" ಅಂದರು.

ತಪ್ಪು ಎರಡಿತ್ತು. ಗಾಳಿ ಜಾಸ್ತಿಯಾದಷ್ಟೂ ಸೈಕಲ್ ಹಗುರವಾಗಿ ಓಡುತ್ತೆ ಅನ್ನೋದು ಟಾರಿನ ಮಾತು. ಮಣ್ಣಿನಲ್ಲಿ ಟೈರು ಸ್ವಲ್ಪ ಮೆತ್ತಗಿದ್ದು ನೆಲವನ್ನು ಅಪ್ಪಿಕೊಳ್ಳಬೇಕು. ನನ್ನ ಟೈರು 40 ಮಿ.ಮೀ. ಅಗಲದ್ದು, ನನ್ನ ತೂಕ 62 ಕೆ.ಜಿ. ಈಗ ಮುಂದಕ್ಕೆ 35, ಹಿಂದಕ್ಕೆ 40 ಪಿಎಸ್‌ಐ ಹಾಕಿಸುತ್ತೇನೆ. ಹಾಗಂತ ತೀರಾ ಇಳಿಸಬೇಡಿ. ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ. ಟೈರಿನ ಪಕ್ಕದಲ್ಲೇ ಕನಿಷ್ಠ, ಗರಿಷ್ಠ ಬರೆದಿರುತ್ತಾರೆ, ಆ ಮಿತಿಯೊಳಗೇ ಇರಲಿ.

ಎರಡನೇದು ಬ್ರೇಕು. ಹೆದರಿ ಮುಂದಿನ ಬ್ರೇಕನ್ನು ಒಂದೇ ಸಲ ಅಮುಕಿದ್ದೆ. ಜಲ್ಲಿಯಲ್ಲಿ ಮುಂದಿನ ಚಕ್ರ ಜಾರಿದರೆ ಮುಗೀತು, ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು. ಇಳಿಜಾರು ಶುರುವಾಗೋ ಮೊದಲೇ ನಿಧಾನ ಮಾಡಿಕೊಳ್ಳಬೇಕು. ಎರಡೂ ಪೆಡಲು ಸಮವಾಗಿಟ್ಟು, ಸೀಟಿನಿಂದ ಚೂರೇ ಎದ್ದು, ಮೈಯನ್ನು ಹಿಂದಕ್ಕೆ ತಳ್ಳಬೇಕು. ಮೊಣಕೈ ಸಡಿಲವಾಗಿರಲಿ. ಹ್ಯಾಂಡಲ್ಲು ಅತ್ತಿತ್ತ ಅಲ್ಲಾಡಿದರೆ ಅಲ್ಲಾಡಲಿ, ಗಟ್ಟಿಯಾಗಿ ಹಿಡಿದಷ್ಟೂ ಎಳೆದು ಹಾಕುತ್ತೆ. ಏರಿನಲ್ಲಿ ಇದಕ್ಕೆ ಉಲ್ಟಾ: ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಬರೀ ತಿರುಗುತ್ತೆ. ಕೂತೇ, ಹಗುರ ಗೇರಿನಲ್ಲಿ ತುಳಿಯಿರಿ. ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಿ, ಅದಕ್ಕೇನು ನಾಚಿಕೆ?

ಇಷ್ಟನ್ನೂ ಜ್ಞಾನಭಾರತಿಯಲ್ಲಿ ಮೂರು ತಿಂಗಳು ಅಭ್ಯಾಸ ಮಾಡಿದೆ. ಇವರಿಗೆ ಹೇಳಿದ್ದು ಮಾತ್ರ "ವಾಕಿಂಗ್" ಅಂತ. ಒಂದು ದಿನ ಪ್ಯಾಂಟಿನ ಅಂಚಿಗೆ ಅಂಟಿದ್ದ ಚೈನಿನ ಗ್ರೀಸು ಎಲ್ಲಾ ಹೇಳಿಬಿಟ್ಟಿತು!

ಜೊತೆಗೆ ಓರಗಿತ್ತಿ

ರಾತ್ರಿ ಉಳಿಯುವ ಯೋಚನೆ ನನ್ನದಲ್ಲ, ವಿಜಯನಗರದಲ್ಲಿರುವ ನನ್ನ ಓರಗಿತ್ತಿಯದು. ನನ್ನನ್ನು ನೋಡಿ ಅವಳೂ ಸೈಕಲ್ ಕೊಂಡಿದ್ದಳು. "ಅಕ್ಕಾ, ಬೆಳಿಗ್ಗೆ ಹೋಗಿ ತಿಂಡಿ ಹೊತ್ತಿಗೆ ವಾಪಸ್ ಓಡಿ ಬರೋದರಲ್ಲೇ ಆಯ್ತು. ಒಂದ್ಸಲ ಗಡಿಯಾರ ನೋಡದೆ ಹೋಗೋಣ" ಅಂದಳು. ಇದಕ್ಕೆ ಬೈಕ್‌ಪ್ಯಾಕಿಂಗ್ ಅನ್ನುತ್ತಾರೆ. ಬೇಕಾದ್ದನ್ನು ಸೈಕಲ್ಲಿಗೇ ಕಟ್ಟಿಕೊಂಡು, ರಾತ್ರಿ ಎಲ್ಲಾದರೂ ತಂಗಿ ಮುಂದೆ ಹೋಗೋದು. ಟೆಂಟ್ ಹಾಕುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ, ಇವತ್ತಿಗೂ ಇಲ್ಲ. ನಮ್ಮನೆ ಕೆಲಸಕ್ಕೆ ಬರುವಾಕೆಯ ತವರು ಸಾವನದುರ್ಗದ ಹತ್ತಿರದ ಹಳ್ಳಿ. "ನಮ್ಮವ್ವನ ಮನೆಗೆ ಹೋಗ್ರಮ್ಮ" ಅಂದಳು. 2024ರ ಡಿಸೆಂಬರಿನ ಒಂದು ಶನಿವಾರ ಗೊತ್ತಾಯಿತು.

ಸೈಕಲ್ಲಿಗಿಂತ ಮನೆಯನ್ನು ತಯಾರು ಮಾಡೋದೇ ದೊಡ್ಡ ಕೆಲಸ. ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಎರಡು ದಿನದ ಅಡುಗೆ ಮಾಡಿ ಫ್ರಿಜ್ಜಿಗೆ ತುಂಬಿ, ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಹಿಂದಿನ ರಾತ್ರಿ ಹನ್ನೊಂದೂವರೆಗೆ ಮಲಗಿದೆ. ಬೆಳಿಗ್ಗೆ ಐದಕ್ಕೆ ಎದ್ದಾಗ ಮೈಯೆಲ್ಲಾ ನೋವು, ಇನ್ನೂ ಸೈಕಲ್ ಹತ್ತೇ ಇಲ್ಲ! ಅತ್ತೆಯ ಮಾತ್ರೆ ಯಾವ ಹೊತ್ತಿಗೆ ಯಾವುದು ಅಂತ ಬರೆದಿಟ್ಟು, ಮಿಕ್ಕಿದ್ದನ್ನು ಅವರಿಗೇ ಬಿಟ್ಟರೆ ಸಾಕು.

ಏನೇನು ಕಟ್ಟಿಕೊಂಡಿರಿ?

ಕಮ್ಮಿ. ಆದಷ್ಟೂ ಕಮ್ಮಿ. 1894ರಲ್ಲಿ ಬಾಸ್ಟನ್‌ನಿಂದ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟ ಆನಿ ಲಂಡನ್‌ಡೆರಿ ಎಂಬಾಕೆ ಮೂರು ಮಕ್ಕಳ ತಾಯಿ. ಉದ್ದ ಲಂಗ ತೊಟ್ಟು, 42 ಪೌಂಡ್, ಅಂದರೆ 19 ಕೆ.ಜಿ. ತೂಕದ ಸೈಕಲ್ ಹತ್ತಿದ್ದಳು. ಚಿಕಾಗೋ ತಲುಪುವಷ್ಟರಲ್ಲಿ ಸಾಕಾಗಿ, ಹಗುರವಾದ ಗಂಡಸರ ಸೈಕಲ್ಲಿಗೆ ಬದಲಾಯಿಸಿದಳು. ಲಂಗವೂ ಹೋಯಿತು. ನಾವೂ ಮೊದಲ ಪಟ್ಟಿಯಲ್ಲಿ ಬೆಡ್‌ಶೀಟ್ ಬರೆದಿದ್ದೆವು, ಆಮೇಲೆ ಹೊಡೆದುಹಾಕಿದೆವು.

ತಲಾ ನಾಲ್ಕು ಕೆ.ಜಿ. ಮೀರಲಿಲ್ಲ, ನೀರು ಬಿಟ್ಟು. ಭಾರದ ಸಾಮಾನು ಸೈಕಲ್ಲಿನ ನಡುವಿನ ತ್ರಿಕೋನದಲ್ಲಿ, ತಗ್ಗಿನಲ್ಲಿ ಇರಬೇಕು: ಪಂಪು, ಎರಡು ಟ್ಯೂಬು, ಸ್ಪಾನರು. ಹಗುರವಾದ ಬಟ್ಟೆ ಸೀಟಿನ ಹಿಂದೆ. ರೇನ್‌ಕೋಟು ಸುರುಳಿ ಸುತ್ತಿ ಹ್ಯಾಂಡಲ್ಲಿಗೆ. ಇದಕ್ಕೆಂದೇ ಸಿಗುವ ಚೀಲಗಳು ದುಬಾರಿ. ಓರಗಿತ್ತಿ ಹಳೇ ರೆಕ್ಸಿನ್ ಬ್ಯಾಗು ಕತ್ತರಿಸಿ, ಬೆಲ್ಟು ಹಾಕಿ ಹೊಲಿದಳು. ಒಳಗೆ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ. ಕಟ್ಟಿದ ಮೇಲೆ ಸೈಕಲ್ಲನ್ನು ಜೋರಾಗಿ ಅಲ್ಲಾಡಿಸಿ ನೋಡಿ. ಮನೆಮುಂದೆ ಗಡಗಡ ಅಂದಿದ್ದು ಜಲ್ಲಿಯಲ್ಲಿ ಖಂಡಿತಾ ಬಿದ್ದುಹೋಗುತ್ತೆ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಮೆತ್ತೆಯಿರುವ ಸೈಕಲ್ ಚಡ್ಡಿ ಸಿಗುತ್ತೆ, ಅದನ್ನು ಸಡಿಲ ಪ್ಯಾಂಟಿನೊಳಗೆ ಹಾಕಿಕೊಳ್ಳಿ. ಅದರೊಳಗೆ ಮತ್ತೊಂದು ಒಳಉಡುಪು ಬೇಡ, ಅದರ ಹೊಲಿಗೆಯೇ ತೊಡೆಸಂದಿ ಉಜ್ಜಿ ಗಾಯ ಮಾಡೋದು. ಮೊದಲೇ ವ್ಯಾಸಲೀನ್ ಹಚ್ಚಿ. ದುಪಟ್ಟಾ ಖಂಡಿತಾ ಬೇಡ, ಹೆಲ್ಮೆಟ್ ಬೇಕೇ ಬೇಕು. ಮಂಡಿ ನೋಯುತ್ತಾ? ಸೀಟಿನ ಎತ್ತರ ನೋಡಿ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ತುಂಬಾ ಜನ ಎರಡೂ ಕಾಲು ನೆಲಕ್ಕೆ ತಾಗಲಿ ಅಂತ ಸೀಟು ತಗ್ಗಿಸಿ, ಮಂಡಿ ಹಾಳುಮಾಡಿಕೊಳ್ಳುತ್ತೇವೆ. ಶೌಚಕ್ಕೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯದೆ ಇರಬೇಡಿ. ಪೆಟ್ರೋಲ್ ಬಂಕ್ ಎಲ್ಲೆಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹಳ್ಳಿಯಲ್ಲಿ ಯಾವುದಾದರೂ ಮನೆಯ ಹೆಂಗಸರನ್ನು ಕೇಳಿದರೆ ಇಲ್ಲ ಅನ್ನುವವರು ಕಮ್ಮಿ.

ನಾಯಿ ಅಟ್ಟಿಸಿಕೊಂಡು ಬಂದರೆ? ಜೋರಾಗಿ ತುಳಿದು ತಪ್ಪಿಸಿಕೊಳ್ಳೋದು ಮಣ್ಣಿನಲ್ಲಿ ಆಗದ ಮಾತು. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನಕ್ಕೆ ನಡೆಯಿರಿ.

ಮಂಚನಬೆಲೆ ದಾಟಿ...

ಆರಕ್ಕೆ ಬಿಟ್ಟು ಎಂಟರ ಹೊತ್ತಿಗೆ ದೊಡ್ಡ ಆಲದ ಮರ. ಚಟ್ನಿಪುಡಿ ಸವರಿ ಸುತ್ತಿದ ಚಪಾತಿ ತಿಂದೆವು. ಅಲ್ಲಿಂದ ನಾನು ಬಿದ್ದಿದ್ದ ಇಳಿಜಾರು ದೂರವಿರಲಿಲ್ಲ. ಜಲ್ಲಿ ನೆಲದಲ್ಲಿ ಕೂತು ಗಟ್ಟಿಯಾಗಿತ್ತು, ಆದರೂ ನನ್ನ ಕೈ ಬೆವರಿತು. "ಅಕ್ಕಾ, ಬೇಡ ಅಂದ್ರೆ ನಡ್ಕೊಂಡು ಇಳಿಯೋಣ" ಅಂದಳು. ನಡೆದೇ ಇಳಿದೆ. ಕೆಳಗೆ ಹೋದ ಮೇಲೆ ತಿರುಗಿ ನೋಡಿ, ಮತ್ತೆ ಸೈಕಲ್ ಮೇಲಕ್ಕೆ ತಳ್ಳಿಕೊಂಡು ಬಂದು, ಹತ್ತಿ ಇಳಿದೆ. ಇಪ್ಪತ್ತು ಸೆಕೆಂಡಿನ ದಾರಿ. ಅಷ್ಟಕ್ಕೇ ಒಂದೂವರೆ ವರ್ಷ ಹೆದರಿದ್ದೆ.

ಮಂಚನಬೆಲೆಯಲ್ಲಿ ಅರ್ಕಾವತಿಯ ನೀರು ನೋಡುತ್ತಾ ಕೂತೆವು. ನೀರಿಗಿಳಿಯಬೇಡಿ, ಅಲ್ಲಿ ಜೀವ ಕಳಕೊಂಡವರಿದ್ದಾರೆ. ಮುಂದೆ ಜಾಲಿ ಮುಳ್ಳು ಚುಚ್ಚಿ ಓರಗಿತ್ತಿಯ ಟೈರು ಠುಸ್ ಅಂತು. ಹೊಸ ಟ್ಯೂಬು ಹಾಕಿ ಗಾಳಿ ತುಂಬಿದ ಹತ್ತೇ ನಿಮಿಷಕ್ಕೆ ಮತ್ತೆ ಠುಸ್! ಮುಳ್ಳಿನ ಮೊನೆ ಟೈರಿನೊಳಗೇ ಉಳಿದಿತ್ತು. ಟ್ಯೂಬು ಹಾಕುವ ಮುನ್ನ ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ ನೋಡಬೇಕು ಅಂತ ಕಲಿತಿದ್ದು ಹಾಗೆ. ಸಾವನದುರ್ಗದ ಸುತ್ತಿನ ಕಾಡಿನಲ್ಲಿ ಚಿರತೆ, ಕರಡಿ ಓಡಾಡುತ್ತವೆ, ಕತ್ತಲಾದ ಮೇಲೆ ಆ ದಾರಿ ಬೇಡ. ನಾವು ಮೂರು ಗಂಟೆಗೇ ಹಳ್ಳಿ ಸೇರಿದೆವು. ಒಟ್ಟು 50 ಕಿ.ಮೀ. ಆಸುಪಾಸು, ಒಂಬತ್ತು ಗಂಟೆ. ನಗಬೇಡಿ!

ಮನೆ ಯಜಮಾನಿ ಅಜ್ಜಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕ್ರವ್ವ, ಬಸ್ಸಿಗೆ ಕಾಸಿರಲಿಲ್ವಾ?" ಅಂದರು. ಅವರೆಕಾಯಿ ಕಾಲ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಅಡುಗೆ ಮನೆಗೆ ಕೈಹಚ್ಚಲು ಹೋದರೆ "ಕೂತ್ಕಳಿ ಸುಮ್ಕೆ" ಅಂತ ಗದರಿದರು. ಬೇರೊಬ್ಬರು ಬಡಿಸಿದ ಊಟವನ್ನು, ನಡುವೆ ಏಳದೆ ಉಂಡು ಎಷ್ಟು ವರ್ಷವಾಗಿತ್ತೋ.

ಎಂಟೂವರೆಗೆ ಮನೆಯಿಂದ ಫೋನು. ಎದೆ ಧಸಕ್ಕೆಂದಿತು. "ಹೆಪ್ಪು ಎಲ್ಲಿಟ್ಟಿದೀಯಾ?" ಅಷ್ಟೇ. ಡಬ್ಬಿಗೆ ಚೀಟಿ ಅಂಟಿಸೋದು ಮರೆತಿದ್ದೆ.

ಭಾನುವಾರ ಮಾಗಡಿಗೆ ಹೋಗಿ, ತಾವರೆಕೆರೆ ಮೇಲೆ ಟಾರು ರಸ್ತೆಯಲ್ಲೇ ವಾಪಸ್ಸಾದೆವು. ಎರಡನೇ ದಿನ ಮೈ ದಣಿದಿರುತ್ತೆ, ವಾಪಸ್ ಬರೋ ದಾರಿ ಸುಲಭದ್ದೇ ಇರಲಿ. ಆದರೆ ಅದು ದೊಡ್ಡ ರಸ್ತೆ, ಗಾಡಿಗಳು ಜಾಸ್ತಿ. ಬೇಗ ಹೊರಟು, ಎಡಕ್ಕೇ ಒಬ್ಬರ ಹಿಂದೆ ಒಬ್ಬರು ಬಂದೆವು.

ಮಧ್ಯಾಹ್ನ ಮನೆ ಬಾಗಿಲು ತೆರೆದರೆ ಸಿಂಕಿನ ತುಂಬಾ ಪಾತ್ರೆ, ನಾನು ಮಾಡಿಟ್ಟ ಹುಳಿ ಹಾಗೇ ಇದೆ. ಹೋಟೆಲಿನಿಂದ ಮಸಾಲೆ ದೋಸೆ ತರಿಸಿದ್ದರು ತಾಯಿ, ಮಗ, ಮೊಮ್ಮಗ! ನಾನು ಏನಾದರೂ ಅನ್ನುವ ಮೊದಲೇ ಅತ್ತೆ ಕೇಳಿದರು:

"ಮುಂದಿನ ಸಲ ಯಾವಾಗ ಹೋಗ್ತೀಯಾ ಮೊದಲೇ ಹೇಳಮ್ಮಾ. ಅವತ್ತು ನಾನೂ ನನ್ನ ತಂಗಿ ಮನೆಗೆ ಹೋಗಿ ಒಂದಿನ ಇದ್ದು ಬರ್ತೀನಿ."