ಕಂಬಳದ ಕರೆಯಿಂದ ಕುದುರೆಮುಖದ ಕಾಡಿಗೆ: ಟೆಲಿಫೋಟೊ ಲೆನ್ಸ್ ಆಯ್ಕೆ ಹೇಗೆ?

ಅಳದಂಗಡಿ: ನವೆಂಬರ್‌ನಿಂದ ಮಾರ್ಚ್‌ವರೆಗೆ ಕರಾವಳಿಯಲ್ಲಿ ಕಂಬಳದ ಋತು. ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಒಂದು ಮಗ್ಗುಲಿಗೆ ಕಂಬಳಕ್ಕೆ ಹೆಸರಾದ ವೇಣೂರು, ಮತ್ತೊಂದು ಮಗ್ಗುಲಿಗೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲು. ಓಡುವ ಕೋಣಗಳನ್ನೂ ಕಾಡಿನ ಮಂಗಟ್ಟೆ ಹಕ್ಕಿಯನ್ನೂ ಒಂದೇ ಲೆನ್ಸ್‌ನಲ್ಲಿ ಸೆರೆಹಿಡಿಯಬೇಕೆಂಬ ಆಸೆ ಹವ್ಯಾಸಿ ಛಾಯಾಗ್ರಾಹಕರಿಗೆ ಸಹಜ. ಆದರೆ ಇವೆರಡೂ ಲೆನ್ಸ್‌ನಿಂದ ಬಯಸುವುದು ಬೇರೆ ಬೇರೆ. ಲಕ್ಷಗಟ್ಟಲೆ ಹಣ ತೆರುವ ಮುನ್ನ ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಲೇಸು.

ಕಂಬಳಕ್ಕೆ ಬೆಳಕೇ ಮುಖ್ಯ

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡ್‌ಗಳಲ್ಲಿ ಕ್ರಮಿಸಿದರು. ಅಂದರೆ ಸೆಕೆಂಡಿಗೆ ಸುಮಾರು 10.5 ಮೀಟರ್ ವೇಗ. ಕ್ಯಾಮರಾದ ಷಟರ್ ಸೆಕೆಂಡಿನ 125ನೇ ಒಂದು ಭಾಗದಷ್ಟು ಕಾಲ ತೆರೆದಿದ್ದರೂ ಅಷ್ಟರಲ್ಲಿ ಓಟಗಾರ 8 ಸೆಂಟಿಮೀಟರ್ ಮುಂದೆ ಸಾಗಿರುತ್ತಾನೆ. ಅಡ್ಡಲಾಗಿ ಓಡುವವನ ಚಿತ್ರ ಮಸುಕಾಗುತ್ತದೆ. ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ಚಲನೆ 1 ಸೆಂಟಿಮೀಟರಿಗೆ ಕುಗ್ಗಿ, ಚಿಮ್ಮುವ ಕೆಸರಿನ ಹನಿಯೂ ಸ್ಪಷ್ಟವಾಗುತ್ತದೆ.

ಕಂಬಳ ರಾತ್ರಿಯಿಡೀ ಹೊನಲು ಬೆಳಕಿನಲ್ಲಿ ನಡೆಯುವುದುಂಟು. ಎಫ್ 2.8 ದ್ಯುತಿರಂಧ್ರದ ಲೆನ್ಸ್, ಎಫ್ 5.6ರದಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಆದ್ದರಿಂದ ಇಲ್ಲಿ 70–200 ಮಿ.ಮೀ. ಎಫ್ 2.8 ಸೂಕ್ತ. ಫುಲ್‌ಫ್ರೇಮ್ ಕ್ಯಾಮರಾದಲ್ಲಿ 200 ಮಿ.ಮೀ.ಗೆ 50 ಮೀಟರ್ ದೂರದಲ್ಲಿ 9 ಮೀಟರ್ ಅಗಲದ ನೋಟ ಸಿಗುತ್ತದೆ. ಜೋಡಿ ಕೋಣ, ಓಟಗಾರ, ಸುತ್ತಲಿನ ನೀರು ಎಲ್ಲವೂ ಅದರಲ್ಲಿ ಅಡಕವಾಗುತ್ತವೆ. ಇದೇ ದೂರಕ್ಕೆ 600 ಮಿ.ಮೀ. ಬಳಸಿದರೆ 3 ಮೀಟರ್ ಮಾತ್ರ ಉಳಿದು, ಕೋಣದ ಮುಖ ದೊರೆತು ಓಟ ತಪ್ಪಿಹೋಗುತ್ತದೆ. ಲೆನ್ಸ್‌ನಲ್ಲಿರುವ ಕಂಪನ ನಿರೋಧಕ ವ್ಯವಸ್ಥೆ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಓಟಗಾರನ ಚಲನೆಯನ್ನಲ್ಲ ಎಂಬುದೂ ನೆನಪಿರಲಿ.

ಕಾಡಿಗೆ ಬೇಕು ಉದ್ದ

ದೊಡ್ಡ ಮಂಗಟ್ಟೆಯ ಉದ್ದ ಸುಮಾರು 1 ಮೀಟರ್. 40 ಮೀಟರ್ ದೂರದ ಮರದ ಮೇಲೆ ಕುಳಿತ ಹಕ್ಕಿ 300 ಮಿ.ಮೀ. ಲೆನ್ಸ್‌ನಲ್ಲಿ ಚೌಕಟ್ಟಿನ ಐದನೇ ಒಂದು ಭಾಗವನ್ನಷ್ಟೇ ತುಂಬುತ್ತದೆ, 600 ಮಿ.ಮೀ.ನಲ್ಲಿ ಅರ್ಧಕ್ಕೆ ಸಮೀಪಿಸುತ್ತದೆ. 150–600, 200–600 ಮಿ.ಮೀ. ಜೂಮ್‌ಗಳು ಹವ್ಯಾಸಿಗಳಿಗೆ ಪ್ರಿಯವಾಗಿರುವುದು ಇದೇ ಕಾರಣಕ್ಕೆ. ಅವುಗಳ ತೂಕ ಸುಮಾರು 2 ಕಿಲೋ. ಬೆಟ್ಟ ಹತ್ತುವವರು ಖರೀದಿಗೆ ಮುನ್ನ ಕೈಯಲ್ಲಿ ಹಿಡಿದು ನೋಡಬೇಕು. 1.5 ಕ್ರಾಪ್ ಸಂವೇದಕದ ಕ್ಯಾಮರಾ ಇದ್ದವರಿಗೆ 400 ಮಿ.ಮೀ. ಲೆನ್ಸೇ 600ರಷ್ಟು ಕಿರಿದಾದ ನೋಟ ನೀಡುತ್ತದೆ. ಟೆಲಿಕನ್ವರ್ಟರ್ ಅಳವಡಿಸಿದರೆ ಉದ್ದ ಹೆಚ್ಚುತ್ತದೆ, ಬೆಳಕು ಕುಗ್ಗುತ್ತದೆ: 1.4 ಪಟ್ಟಿನದು ಬೆಳಕನ್ನು ಅರ್ಧಕ್ಕೆ, 2 ಪಟ್ಟಿನದು ಕಾಲು ಭಾಗಕ್ಕೆ ಇಳಿಸುತ್ತದೆ. ದಟ್ಟ ಕಾಡಿನ ನೆರಳಿನಲ್ಲಿ ಇದು ದುಬಾರಿ.

ಉದ್ದ ಲೆನ್ಸ್ ಹಕ್ಕಿಗೂ ರಕ್ಷೆ. ಗೂಡಿನ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಳ್ಳುತ್ತದೆ. ಆಹಾರಕ್ಕೆ ಗಂಡೇ ಆಸರೆ. ಮನುಷ್ಯರು ಹತ್ತಿರ ಸುಳಿದರೆ ಗಂಡು ಗೂಡಿಗೆ ಬರಲು ಹಿಂಜರಿಯಬಹುದು, ಆಗ ತಾಯಿ ಮರಿಗಳೆರಡಕ್ಕೂ ಉಪವಾಸ. ಸಣ್ಣ ಲೆನ್ಸ್ ಹಿಡಿದು ಗೂಡಿನ ಬುಡಕ್ಕೆ ನುಗ್ಗುವುದು ಸಲ್ಲದು. ರಾಷ್ಟ್ರೀಯ ಉದ್ಯಾನದೊಳಗೆ ಛಾಯಾಗ್ರಹಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯೂ ಅಗತ್ಯ.

ಮಳೆಗಾಲದ ಶತ್ರು

ಕರಾವಳಿಯ ತೇವಾಂಶಕ್ಕೆ ಗಾಜಿನೊಳಗೆ ಬೂಷ್ಟು ಬೆಳೆಯುತ್ತದೆ. ಬಳಸಿದ ಲೆನ್ಸ್ ಕೊಳ್ಳುವವರು ಅದರ ಮೂಲಕ ಟಾರ್ಚ್ ಬೆಳಕು ಹಾಯಿಸಿ, ಜೇಡರಬಲೆಯಂಥ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಮಳೆಗಾಲದಲ್ಲಿ ಚರ್ಮದ ಚೀಲ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಸಹಿತ ಇರಿಸಿ, ಜೆಲ್‌ನ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಬಹುದು.

ಒಂದೇ ಲೆನ್ಸ್‌ಗೆ ಹಣವಿದ್ದರೆ ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ಕಳೆಯುವಿರಿ ಎಂಬುದೇ ನಿರ್ಣಾಯಕ. ಕರೆಯ ಬದಿಯಲ್ಲಾದರೆ 70–200, ಕಾಡಂಚಿನಲ್ಲಾದರೆ 600 ಮಿ.ಮೀ. ಮುಟ್ಟುವ ಜೂಮ್. ಇನ್ನೊಂದನ್ನು ಅಗತ್ಯ ಬಿದ್ದ ದಿನ ಬಾಡಿಗೆಗೆ ಪಡೆಯುವುದು ಜಾಣತನ.