ಹಿತ್ತಿಲಿನ ನಾರು, ಹಬ್ಬದ ನೂಲು

ನೇತ್ರಾವತಿಯ ತಟದಲ್ಲಿ, ಪಾಣೆಮಂಗಳೂರಿನ ನೆರೆಯಲ್ಲಿ, ತೆಂಗು ಕಂಗು ಬಾಳೆಗಳ ನೆಳಲನ್ನು ಹೊದ್ದುಕೊಂಡಿರುವ ನರಿಕೊಂಬು ಗ್ರಾಮದಲ್ಲಿ ಹತ್ತಿಯ ಹೊಲವನ್ನು ಅರಸಿ ಹೊರಟವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, ಅದರ ಬಹುಭಾಗವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಕಾಣುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಸೀಮೆಯು, ಕಾಯಿ ಬಿರಿದು ಅರಳೆ ಒಣಗಲು ದೀರ್ಘಕಾಲದ ನಿರ್ಮಲವಾದ ಬಿಸಿಲನ್ನು ಬೇಡುವ ಆ ಬೆಳೆಗೆ ಎಂದಿಗೂ ತವರಾಗಲಿಲ್ಲ. ಹೀಗಿದ್ದರೂ ಇಲ್ಲಿಯ ಗೃಹಸ್ಥಜೀವನವು ನೂಲಿಲ್ಲದೆ ಸಾಗಿತೆಂದು ಭಾವಿಸುವುದು ತಪ್ಪು. ಹೂವನ್ನು ಕಟ್ಟುವುದಕ್ಕೆ, ಅಕ್ಕಿಯನ್ನು ಬಿಗಿಯುವುದಕ್ಕೆ, ದನವನ್ನು ಗೂಟಕ್ಕೆ ಹಾಕುವುದಕ್ಕೆ, ಬಾವಿಯಿಂದ ನೀರೆತ್ತುವುದಕ್ಕೆ ಬೇಕಾದ ಎಳೆಗಳನ್ನೆಲ್ಲ ಮನೆಮಂದಿಯು ಬಾಳೆಯ ನಾರಿನಿಂದ, ಬೈಹುಲ್ಲಿನಿಂದ, ತೆಂಗಿನ ಕತ್ತದಿಂದ ತಾವೇ ಹೊಸೆದುಕೊಳ್ಳುತ್ತಿದ್ದರು. ಹತ್ತಿಯು ಈ ಮನೆಗಳ ಒಳಗೆ ಕಾಲಿರಿಸಿದುದು ಮುಖ್ಯವಾಗಿ ಎರಡು ನಿಮಿತ್ತಗಳಿಂದ: ಒಂದು ದೇವರ ಕಾರ್ಯ, ಮತ್ತೊಂದು ದೇಶದ ಕಾರ್ಯ.

ರಜೆ ಬಂದೊಡನೆ ಮಕ್ಕಳ ಕೈಗೆ ಏನನ್ನು ಕೊಡುವುದೆಂಬ ಚಿಂತೆಯಲ್ಲಿ ಪೇಟೆಯ ಅಂಗಡಿಗೆ ಧಾವಿಸಿ, ಬಣ್ಣದ ಉಣ್ಣೆ, ಪ್ಲಾಸ್ಟಿಕ್ ಮಣಿ, ಅಂಟುವ ಕಾಗದಗಳನ್ನು ತುಂಬಿದ ಪೆಟ್ಟಿಗೆಗಳನ್ನು ಹೊತ್ತು ತರುವ ತಂದೆತಾಯಿಗಳನ್ನು ಕಂಡಾಗ, ಹಿತ್ತಿಲಿನಲ್ಲಿಯೇ ಬಿದ್ದಿರುವ ಈ ಸಾಮಗ್ರಿಯ ಪರಿಚಯವನ್ನು ಮಾಡಿಕೊಡುವುದು ಉಚಿತವೆಂದು ತೋರಿತು. ಆ ಪೆಟ್ಟಿಗೆಗಳಲ್ಲಿ ದೊರೆಯದ ಒಂದು ಗುಣ ಇದರಲ್ಲಿದೆ. ಮಗುವು ಹೊಸೆದ ಎಳೆಗೆ ಆ ದಿನವೇ, ಆ ಮನೆಯಲ್ಲಿಯೇ, ಹಬ್ಬದ ಯಾವುದಾದರೊಂದು ಕೆಲಸ ಕಾದಿರುತ್ತದೆ. ಕಪಾಟಿನ ಮೇಲೆ ಕುಳಿತು ಧೂಳು ತಿನ್ನುವುದಷ್ಟೇ ಅದರ ಪಾಲಿಗೆ ಬರುವುದಿಲ್ಲ.

ಆರಂಭಕ್ಕೆ ಬಾಳೆಯ ನಾರೇ ಸರ್ವೋತ್ತಮ. ಗೊನೆ ಕಡಿದ ಮೇಲೆ ಉಳಿಯುವ ಬಾಳೆಯ ದಿಂಡಿನ ಹೊರಪದರಗಳು ಮರದ ಮೇಲೆಯೇ ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಅವುಗಳನ್ನು ಉದ್ದಕ್ಕೆ ಸುಲಿದು, ಸುರುಳಿ ಸುತ್ತಿ ಅಟ್ಟದ ಮೇಲಿರಿಸಿಕೊಂಡರೆ ವರ್ಷವಿಡೀ ಕೆಡುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಯಿಸಿ, ಉಗುರಿನಿಂದ ಸೀಳಿದರೆ ಕೂದಲಿನಷ್ಟು ತೆಳುವಾದ ಎಳೆಯಿಂದ ಹಿಡಿದು ಕಿರುಬೆರಳಿನಷ್ಟು ಅಗಲದ ಪಟ್ಟಿಯವರೆಗೆ ಯಾವುದನ್ನು ಬೇಕಾದರೂ ಪಡೆಯಬಹುದು. ಕರಾವಳಿಯ ಮಲ್ಲಿಗೆಯನ್ನು ಕಟ್ಟುವುದು ಈ ನಾರಿನಿಂದಲೇ. ಶಂಕರಪುರದ ಕಡೆಯಿಂದ ಬರುವ ಉಡುಪಿ ಮಲ್ಲಿಗೆಯ ವ್ಯಾಪಾರದಲ್ಲಿ 800 ಹೂಗಳಿಗೆ ಒಂದು ಚೆಂಡು, 4 ಚೆಂಡುಗಳಿಗೆ ಒಂದು ಅಟ್ಟೆ ಎಂಬ ಲೆಕ್ಕವಿದ್ದು, ಅಷ್ಟು ಮೊಗ್ಗುಗಳನ್ನು ಒಂದಕ್ಕೂ ನೋವಾಗದಂತೆ ಹಿಡಿದಿರಿಸುವ ಮೃದುತ್ವವು ಈ ನೆನೆದ ನಾರಿಗೆ ಉಂಟು. ಬಿಗಿದ ಹತ್ತಿಯ ದಾರವು ತೊಟ್ಟನ್ನು ಕೊಯ್ದುಬಿಡುತ್ತದೆ.

ಶ್ರಾವಣಮಾಸದಲ್ಲಿ ಗೌಡ ಸಾರಸ್ವತರ ಮನೆಗಳಿಗೆ ಹೋದವರು ಇದೇ ನಾರಿನ ಇನ್ನೊಂದು ವಿನಿಯೋಗವನ್ನು ನೋಡಬಹುದು. ವೀರವಿಠಲ ವೆಂಕಟರಮಣನ ದೇವಾಲಯವಿರುವ ಪಾಣೆಮಂಗಳೂರಿನಲ್ಲಿಯೂ ತಿರುಮಲ ವೆಂಕಟರಮಣನ ಸನ್ನಿಧಿಯಿರುವ ಬಂಟ್ವಾಳ ಪೇಟೆಯಲ್ಲಿಯೂ ಶುಕ್ರವಾರ ಹಾಗೂ ಭಾನುವಾರಗಳಂದು ಸ್ತ್ರೀಯರು ಗರಿಕೆ, ಆರತಿಹೂ, ರತ್ನಗಂಧಿ, ಕರವೀರ ಮೊದಲಾದವನ್ನು ಒಂದೊಂದೇ ಜೋಡಿಸಿ, ಬಾಳೆನಾರಿನಿಂದ ಸುತ್ತಿ, 'ಚೂಡಿ' ಎಂಬ ಪುಟ್ಟ ಪುಷ್ಪಗುಚ್ಛಗಳನ್ನು ಕಟ್ಟುತ್ತಾರೆ. ತುಳಸಿಗೆ, ದೇವರಿಗೆ, ಹೊಸ್ತಿಲಿಗೆ ಅರ್ಪಿಸಿದ ತರುವಾಯ ಹಿರಿಯರಿಗೆ ಚೂಡಿಯನ್ನಿತ್ತು ನಮಸ್ಕರಿಸುವುದು ಸಂಪ್ರದಾಯ. ದೂರದ ಊರಿನ ಹಿರಿಯರಿಗೆ ಅಂಚೆಯಲ್ಲಿ ಕಳುಹಿಸುವುದೂ ಉಂಟು. ಹೂವನ್ನು ಆರಿಸಿ ತರುವ ಕೆಲಸ ಚಿಕ್ಕವರದು, ಕಟ್ಟುವುದು ದೊಡ್ಡವರದು ಎಂಬ ವಿಭಾಗವು ಬಹಳ ಹೊತ್ತು ನಿಲ್ಲುವುದಿಲ್ಲ. ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತ ದೊಡ್ಡಮ್ಮನ ಪಕ್ಕದಲ್ಲಿ ಎರಡು ಶುಕ್ರವಾರ ಕುಳಿತ ಹುಡುಗಿಯು ಮೂರನೆಯ ಶುಕ್ರವಾರ ತಾನೇ ನಾರನ್ನು ಕೇಳುತ್ತಾಳೆ.

ಕಟ್ಟುವುದಾಯಿತು, ಇನ್ನು ಹೊಸೆಯುವ ಬಗೆ. ಎರಡು ಎಳೆಗಳನ್ನು ಗಂಟು ಹಾಕಿ ಎಡಗೈಯಲ್ಲಿ ಹಿಡಿದುಕೊಂಡು, ಬಲಗಡೆಯ ಎಳೆಯನ್ನು ಮೈಯಿಂದ ಹೊರಮುಖವಾಗಿ ತಿರುಚಿ, ಹಾಗೆ ತಿರುಚಿದುದನ್ನು ಇನ್ನೊಂದು ಎಳೆಯ ಮೇಲಿನಿಂದ ಮೈಯ ಕಡೆಗೆ ದಾಟಿಸಿ, ಈಗ ಬಲಕ್ಕೆ ಬಂದ ಎಳೆಯನ್ನು ಮತ್ತೆ ಹೊರಮುಖವಾಗಿ ತಿರುಚಬೇಕು. ಇಷ್ಟೇ ಸಮಗ್ರ ವಿದ್ಯೆ. ಪ್ರತಿಯೊಂದು ಎಳೆಯೂ ಬಿಚ್ಚಿಕೊಳ್ಳಲು ಹವಣಿಸುವ ದಿಕ್ಕು ಯಾವುದೋ ಅದೇ ದಿಕ್ಕಿನಲ್ಲಿ ಎರಡೂ ಎಳೆಗಳು ಪರಸ್ಪರ ಸುತ್ತಿಕೊಂಡಿರುವುದರಿಂದ, ಒಂದರ ಬಿಚ್ಚುವ ಯತ್ನವು ಇನ್ನೊಂದನ್ನು ಬಿಗಿಗೊಳಿಸುತ್ತದೆ. ಆದಕಾರಣವೇ ಹಗ್ಗವು ಗಂಟಿಲ್ಲದೆಯೂ ಹಗ್ಗವಾಗಿ ಉಳಿಯುತ್ತದೆ. ಹೊಸ ನಾರನ್ನು ಸೇರಿಸುವಾಗ ಎರಡೂ ಎಳೆಗಳನ್ನು ಒಂದೇ ಸ್ಥಳದಲ್ಲಿ ಮುಗಿಯಗೊಡಬಾರದು. ಒಂದು ತೀರುವುದಕ್ಕೆ ನಾಲ್ಕು ಬೆರಳು ಮೊದಲೇ ಅದರೊಂದಿಗೆ ಹೊಸದನ್ನಿಟ್ಟು ಕೂಡಿ ತಿರುಚಿದರೆ ಕೂಡಿಕೆಯು ಕಣ್ಣಿಗೂ ಕಾಣದು, ಎಳೆದರೂ ಬಾರದು. ಏಳೆಂಟು ವರ್ಷದ ಮಗುವಿಗೆ ಇದು ಸಾಧ್ಯ. ಅದಕ್ಕಿಂತ ಕಿರಿಯರಿಗೆ ತುದಿಯನ್ನು ಹಿಡಿದು ನಿಲ್ಲುವ ಗೌರವವನ್ನು ಕೊಟ್ಟರೆ ಸಾಕು.

ಇದೇ ತತ್ತ್ವವು ಬೈಹುಲ್ಲಿನಲ್ಲಿ ಬೃಹದಾಕಾರವನ್ನು ತಾಳಿದುದು ತುಳುನಾಡಿನ ಅಕ್ಕಿಮುಡಿಯಲ್ಲಿ. ಅಂಗಳದಲ್ಲಿ ಹರಡಿದ ಹುಲ್ಲಿನ ನಡುವೆ ಅಕ್ಕಿಯನ್ನು ಸುರಿದು, ಹುಲ್ಲಿನದೇ ಹಗ್ಗದಿಂದ ಸುತ್ತಿ, ಮರದ ಕೊಡತಿಯಿಂದ ಬಡಿದು ದುಂಡಗೆ ಮಾಡಿದ ಆ ಮುಡಿಯು 3 ಕಳಸೆ, ಎಂದರೆ 42 ಸೇರು ಅಕ್ಕಿಯನ್ನು ಹುಳುಹುಪ್ಪಟೆಗಳಿಂದ ದೂರವಿರಿಸಿ ಬಹುಕಾಲ ಕಾಯುತ್ತಿತ್ತು. ಗೋಣಿಚೀಲದ ಮುಂದೆ ಅದು ಸೋತಿತಾದರೂ ದೇವಸ್ಥಾನಗಳ ಹೊರೆಕಾಣಿಕೆಯಲ್ಲಿ ಇಂದಿಗೂ ಅದರ ಮರ್ಯಾದೆ ಅಳಿದಿಲ್ಲ. ಮಕ್ಕಳೊಡನೆ ಪೂರ್ಣಪ್ರಮಾಣದ ಮುಡಿಯನ್ನು ಕಟ್ಟಲು ಹೊರಡುವುದು ದುಸ್ಸಾಹಸ. ಒಂದು ಪಾವು ಅಕ್ಕಿ ಹಿಡಿಸುವ ಕಿರುಮುಡಿಯನ್ನು ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು, ಹಾಗೂ ಕೃಷ್ಣಾಷ್ಟಮಿಯ ಹಿಂದಿನ ದಿನ ಅದನ್ನೇ ಬಿಚ್ಚಿ ಅಕ್ಕಿಯನ್ನು ನೆನೆಹಾಕಬಹುದು. ಆ ಹಬ್ಬಕ್ಕೆಂದು ಮುಂಡೇವಿನ ಎಲೆಯ ಮುಳ್ಳನ್ನು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿಯಾಗಿ ಸುತ್ತಿ, ಹಿಡಿಸೂಡಿಯ ಕಡ್ಡಿಯನ್ನು ಚುಚ್ಚಿ ಮೂಡೆ ಎಂಬ ಕಡುಬಿನ ಕೊಟ್ಟೆ ಮಾಡುವುದೂ ಇದೇ ಕೈಗಳ ಅಭ್ಯಾಸಕ್ಕೆ ಸೇರಿದುದು. ತೆಂಗಿನ ಮಡಲಿನ ಪೀಪಿ, ಚೆಂಡು, ಕೈಗಡಿಯಾರ, ಗಿರಿಗಿಟಿಗಳನ್ನು ಇಲ್ಲಿ ವರ್ಣಿಸಲು ಹೊರಟರೆ ಲೇಖನವು ಎಲ್ಲೆ ಮೀರುತ್ತದೆ; ಅವನ್ನು ಬಲ್ಲ ಅಜ್ಜಂದಿರು ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ, ಕೇಳುವವರಿಗಾಗಿ ಕಾದಿದ್ದಾರೆ.

ಈಗ ಹತ್ತಿಯ ವಿಷಯ. ಹೊಲವಿಲ್ಲವೆಂದೆನಲ್ಲದೆ ಗಿಡವೇ ಇಲ್ಲವೆನ್ನಲಿಲ್ಲ. ದೇವರ ಬತ್ತಿಗೂ ಜನಿವಾರಕ್ಕೂ ಬೇಕೆಂದು ಬಾವಿಕಟ್ಟೆಯ ಬಳಿಯಲ್ಲೋ ತುಳಸಿಯ ಹಿಂದೆಯೋ ಒಂದೆರಡು ದೇವಹತ್ತಿಯ ಗಿಡಗಳನ್ನು ಸಾಕಿಕೊಂಡಿರುವ ಮನೆಗಳು ಈಗಲೂ ಇವೆ. ವರ್ಷಾನುಗಟ್ಟಲೆ ಬಾಳುವ ಆ ಗಿಡದ ಕಾಯಿ ಬೇಸಗೆಯಲ್ಲಿ ಬಿರಿದಾಗ ಬೀಜವನ್ನು ಬೇರ್ಪಡಿಸುವುದಕ್ಕೆ ಮಣೆಯೊಂದು, ನಯವಾದ ಕಬ್ಬಿಣದ ಸರಳೊಂದು ಇದ್ದರಾಯಿತು: ಅರಳೆಯನ್ನು ಮಣೆಯ ಮೇಲಿಟ್ಟು ಸರಳನ್ನು ಉರುಳಿಸಿದರೆ ಬೀಜಗಳು ಮುಂದಕ್ಕೆ ಜಾರಿ ಹೊರಬೀಳುತ್ತವೆ. ಬೆರಳುಗಳಿಂದ ಹಿಂಜಿ ಹಂಜಿ ಮಾಡಿಕೊಂಡರೆ ನೂಲಲು ಸಿದ್ಧ. ಬೇಲಿಯಾಚೆಯ ಬೂರುಗದ ಮರದಿಂದ ಹಾರಿಬರುವ ಹೊಳೆಯುವ ಅರಳೆಯನ್ನು ಕಂಡ ಮಕ್ಕಳು ಅದನ್ನೂ ನೂಲಲು ಆತುರಪಡುವುದು ಸಹಜ. ತಡೆಯದೆ ಬಿಟ್ಟು ನೋಡಬೇಕು. ಹತ್ತಿಯ ಎಳೆಯು ಒಣಗುವಾಗ ಚಪ್ಪಟೆಯಾಗಿ, ತನ್ನಷ್ಟಕ್ಕೆ ತಾನೇ ಸುರುಳಿ ತಿರುಚಿಕೊಳ್ಳುವುದರಿಂದ ಪಕ್ಕದ ಎಳೆಯನ್ನು ಕಚ್ಚಿ ಹಿಡಿಯುತ್ತದೆ. ಬೂರುಗದ ಎಳೆಯಾದರೋ ನುಣ್ಣಗೆ, ನೆಟ್ಟಗೆ, ಟೊಳ್ಳಾಗಿದ್ದು, ಎಷ್ಟು ತಿರುಚಿದರೂ ಜಾರಿಹೋಗುತ್ತದೆ. ಈ ಪಾಠವನ್ನು ಬೆರಳುಗಳೇ ಒಪ್ಪಿಸಿದ ಮೇಲೆ ಪುಸ್ತಕಕ್ಕೆ ಹೇಳಲು ಏನೂ ಉಳಿಯುವುದಿಲ್ಲ, ಮತ್ತು ದಿಂಬಿಗೆ ಬೂರುಗವೇ ಏಕೆಂಬುದೂ ಅರ್ಥವಾಗುತ್ತದೆ.

ಹತ್ತಿಯನ್ನು ನೂಲುವ ತಕಲಿಯನ್ನು ಕೊಳ್ಳುವ ಅಗತ್ಯವೇನೂ ಇಲ್ಲ. ಮುರಿದ ಕೊಡೆಯ ಕಡ್ಡಿಯಿಂದ ಒಂದು ಗೇಣು ಉದ್ದದ ತುಂಡು, ಗೆರಟೆಯಿಂದ ಕತ್ತರಿಸಿ ಉಜ್ಜಿದ ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ಬಿಲ್ಲೆ, ಬಿಲ್ಲೆಯ ನಟ್ಟನಡುವೆ ರಂಧ್ರ, ಕಡ್ಡಿಯ ಮೇಲ್ತುದಿಯಲ್ಲಿ ನೂಲು ಸಿಕ್ಕಿಕೊಳ್ಳುವುದಕ್ಕೆ ಒಂದು ಕೊಕ್ಕೆ. ಕತ್ತರಿಸುವುದು, ಕೊರೆಯುವುದು ಹಿರಿಯರ ಕೆಲಸ. ರಂಧ್ರವು ನಡುವಿನಿಂದ ಕೂದಲೆಳೆಯಷ್ಟು ತಪ್ಪಿದರೂ ತಕಲಿಯು ತತ್ತರಿಸಿ ನೂಲನ್ನು ಕಡಿಯುತ್ತದೆಯಾದುದರಿಂದ ಇದರಲ್ಲಿ ಅವಸರ ಸಲ್ಲದು.

ಆ ಪುಟ್ಟ ಉಪಕರಣದ ಹಿಂದೆ ದೊಡ್ಡ ಇತಿಹಾಸವಿದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನೆರೆದ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವು, ಸದಸ್ಯತ್ವದ ಶುಲ್ಕವಾಗಿ ತಿಂಗಳಿಗೆ 2000 ಗಜ ಕೈನೂಲನ್ನು ಸಲ್ಲಿಸಬೇಕೆಂಬ ನಿಬಂಧನೆಯನ್ನು ಅಂಗೀಕರಿಸಿತು. ಭಾಷಣಕ್ಕೆ ಸಿದ್ಧರಾಗಿದ್ದಷ್ಟು ಜನ ನೂಲುವುದಕ್ಕೆ ಸಿದ್ಧರಿರಲಿಲ್ಲವೆಂದು ಕಾಣುತ್ತದೆ, ಮರುವರ್ಷವೇ ಅದನ್ನು ಸಡಿಲಿಸಬೇಕಾಯಿತು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದ ತರುವಾಯ ಕೈಕಸುಬನ್ನು ಕೇಂದ್ರವಾಗಿರಿಸಿಕೊಂಡ ಮೂಲಶಿಕ್ಷಣದ ವಿಚಾರವು ಪ್ರಾಥಮಿಕ ಶಾಲೆಗಳನ್ನು ತಲುಪಿ, ಮಕ್ಕಳು ಸಾಲಾಗಿ ಕುಳಿತು ತಕಲಿ ತಿರುಗಿಸುವ ತರಗತಿಗಳು ಬಂದವು. ಖಾದಿಯ ಲೆಕ್ಕದಲ್ಲಿ 4 ಅಡಿಗೆ ಒಂದು ತಾರ, 640 ತಾರಗಳಿಗೆ ಒಂದು ಗುಂಡಿ. ಗುಣಾಕಾರವನ್ನು ಕಲಿಸುವುದಕ್ಕೆ ಇದಕ್ಕಿಂತ ಜೀವಂತವಾದ ಕೋಷ್ಟಕ ದುರ್ಲಭ. ನಮ್ಮ ಪುತ್ತೂರಿನಲ್ಲಿ ಶಿವರಾಮ ಕಾರಂತರು (1902–1997) 1930ರ ದಶಕದಲ್ಲಿ ಬಾಲವನವನ್ನು ಕಟ್ಟಿ, ಮಕ್ಕಳ ಕಲಿಕೆಯು ಬೆಂಚಿಗೂ ಬಾಯಿಪಾಠಕ್ಕೂ ಬದ್ಧವಾಗಿರಬೇಕಿಲ್ಲವೆಂಬ ಪ್ರಯೋಗಕ್ಕೆ ತೊಡಗಿದುದೂ ಇದೇ ಕಾಲಮಾನದಲ್ಲಿ. ಎಲ್ಲರಿಗೂ ಒಂದೇ ಅಳತೆಯ ನೂಲನ್ನು ವಿಧಿಸುವ ಶಿಸ್ತಿಗಿಂತ ಆ ಮರಗಳಡಿಯ ಸ್ವಾತಂತ್ರ್ಯವೇ ಮನೆಯ ರಜಾದಿನಗಳಿಗೆ ಒಪ್ಪುವ ಮಾದರಿಯೆಂಬುದು ನನ್ನ ಮತ.

ಮಗುವು ತೆಗೆದ ಮೊದಲ ನೂಲು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ನೇಯ್ಗೆಗೆ ಒದಗದು. ಆದರೆ ಜನಿವಾರವೊಂದನ್ನು ಬಿಟ್ಟರೆ ಹಬ್ಬಗಳಿಗೆ ಒದಗುತ್ತದೆ. ನೂಲಹುಣ್ಣಿಮೆಯ ಜನಿವಾರಕ್ಕೆ ನಾಲ್ಕು ಬೆರಳಿನ ಅಗಲಕ್ಕೆ 96 ಸುತ್ತು ಸುತ್ತಿ, ಮೂರಾಗಿ ಮಡಿಸಿ ಹುರಿಮಾಡಿ, ಮತ್ತೆ ಮೂರಾಗಿಸುವ ಕ್ರಮವಿದ್ದು, ಸಮನಾದ ನೂಲನ್ನು ತೆಗೆಯುವ ಕೈಗಳು ಈಗ ಬೆರಳೆಣಿಕೆಯವು. ಅನಂತ ಚತುರ್ದಶಿಯ ದಾರಕ್ಕೆ 14 ಗಂಟುಗಳು ಬೇಕು. ಅದನ್ನು ಎಣಿಸುತ್ತ ಹಾಕುವುದು ಮಕ್ಕಳಿಗೆ ಪ್ರಿಯವಾದ ಕೆಲಸ. ಘಟ್ಟದ ಮೇಲಿನವರ ಗೌರೀಪೂಜೆಯ ಗೆಜ್ಜೆವಸ್ತ್ರಕ್ಕಂತೂ ತಕಲಿಯೂ ಬೇಡ: ಹಾಲಿನಲ್ಲಿ ಅದ್ದಿದ ಬೆರಳುಗಳಿಂದ ಅರಳೆಯನ್ನು ನೀಳವಾಗಿ ಎಳೆದು, ನಡುನಡುವೆ ಹೊಸೆದು, ಉಬ್ಬಿ ನಿಂತ ಮೊಗ್ಗುಗಳಿಗೆ ಕುಂಕುಮದ ಬೊಟ್ಟಿಟ್ಟರೆ ಹಾರ ಸಿದ್ಧವಾಗುತ್ತದೆ. ಬಣ್ಣ ಬೇಕೆನ್ನುವವರು ನೂಲನ್ನು ಅರಸಿನದ ನೀರಿನಲ್ಲಿ ಕುದಿಸಲಿ. ಅದರ ಒಂದು ತುದಿಯನ್ನು ಸುಣ್ಣದ ತಿಳಿಯಲ್ಲಿ ಅದ್ದಿದಾಗ ಕಣ್ಣೆದುರಿನಲ್ಲಿಯೇ ಕೆಂಪಾಗುವುದನ್ನು, ಹುಣಸೆಯ ನೀರು ಸೋಕಿದೊಡನೆ ಪುನಃ ಹಳದಿಗೆ ತಿರುಗುವುದನ್ನು ಕಂಡ ಮಕ್ಕಳು ಆ ದಿನ ಊಟಕ್ಕೆ ಏಳುವುದು ಕಷ್ಟ. ಈ ಬಣ್ಣ ಬಿಸಿಲಿಗೆ ಬಾಳುವುದಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುವುದು ಲೇಸು.

ದೀಪಾವಳಿಗೆ ಗೂಡುದೀಪ. ಬಿದಿರಿನಿಂದ ಸೀಳಿದ ಒಂದೇ ಉದ್ದದ 24 ಕಡ್ಡಿಗಳನ್ನು ತೆಗೆದುಕೊಂಡು, ಹೊಸೆದ ನಾರಿನಿಂದ 6 ಚೌಕಗಳನ್ನು ಕಟ್ಟಿ, ಅವನ್ನು ಮೂಲೆಗೆ ಮೂಲೆ ಕೂಡಿಸಿದರೆ ಚೌಕಗಳ ನಡುವೆ 8 ತ್ರಿಕೋನಗಳು ತಾವಾಗಿಯೇ ಮೂಡಿ ಗೂಡು ನಿಲ್ಲುತ್ತದೆ. ಮೈದಾದ ಅಂಟಿನಿಂದ ಬಣ್ಣದ ಕಾಗದವನ್ನು ಹಚ್ಚಿ, ಕೆಳಗೆ ಬಾಲಂಗೋಚಿಗಳನ್ನು ಇಳಿಬಿಟ್ಟು, ಒಳಗೆ ಹಣತೆಯ ಬದಲು ಸಣ್ಣ ವಿದ್ಯುದ್ದೀಪವನ್ನಿರಿಸುವುದು ಕ್ಷೇಮ. ಮಂಗಳೂರಿನ ಕುದ್ರೋಳಿಯಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಧಾನ್ಯ, ಹುಲ್ಲು, ನಾರುಗಳಿಂದ ಮಾಡಿದ ಅದ್ಭುತಗಳನ್ನು ಕಾಣಬಹುದಾದರೂ ಮಕ್ಕಳಿಗೆ ಅವನ್ನು ಮೊದಲೇ ತೋರಿಸಿ ಎದೆಗುಂದಿಸಬೇಕಾಗಿಲ್ಲ. ತಿಂಗಳೆರಡು ಕಳೆದರೆ ಮೊಡಂಕಾಪಿನ ಶಿಶು ಯೇಸುವಿನ ಇಗರ್ಜಿಯ ಸುತ್ತಣ ಮನೆಗಳಲ್ಲಿ ಬೈಹುಲ್ಲು ಹೊದಿಸಿದ ಗೋದಲಿಗಳೂ ನಕ್ಷತ್ರಗಳೂ ಏಳುತ್ತವೆ. ನಕ್ಷತ್ರದ ಲೆಕ್ಕ ಇನ್ನೂ ಸುಲಭ: ಐದೈದು ಕಡ್ಡಿಗಳ ಎರಡು ಪಂಚಕೋನ ನಕ್ಷತ್ರಗಳ ತುದಿಗಳನ್ನು ಜೋಡಿಸಿ ಕಟ್ಟಿ, ನಡುವೆ ಐದು ಗಿಡ್ಡ ಕಡ್ಡಿಗಳನ್ನು ಸಿಕ್ಕಿಸಿ ಹೊಟ್ಟೆಯುಬ್ಬಿಸುವುದು. ಗೂಡುದೀಪವನ್ನು ಕಟ್ಟಿದ ಹುಡುಗನನ್ನು ನೆರೆಮನೆಯವರು ನಕ್ಷತ್ರಕ್ಕೂ ಕರೆಯುತ್ತಾರೆ.

ಇಷ್ಟಾದ ಮೇಲೆ, ಮೂಡುಬಿದಿರೆಯಿಂದ ದೂರವಲ್ಲದ ಕಿನ್ನಿಗೋಳಿಯಲ್ಲಿರುವ ತಾಳಿಪಾಡಿ ನೇಕಾರರ ಸಹಕಾರಿ ಸಂಘದ ಮಗ್ಗಗಳನ್ನು ಮಕ್ಕಳಿಗೆ ತೋರಿಸಿಕೊಂಡು ಬರಬಹುದು. ಕೈಮಗ್ಗದ ಉಡುಪಿ ಸೀರೆಯು ನೇಕಾರರ ಕೊರತೆಯಿಂದ ಅಳಿವಿನ ಅಂಚಿಗೆ ಬಂದಿದ್ದು, ಕದಿಕೆ ಟ್ರಸ್ಟಿನ ಆಸಕ್ತಿಯಿಂದಲೂ ಆ ಸಂಘದ ಶ್ರಮದಿಂದಲೂ ಪುನಃ ಚೇತರಿಸಿಕೊಂಡ ಸ್ಥಳವದು. ಬರಿಯ ನೋಟಕ್ಕೆಂದು ಹೋದ ಮಕ್ಕಳು ಲಾಳಿಯ ಓಟವನ್ನಷ್ಟೇ ನೋಡುತ್ತಾರೆ. ತಕಲಿಯ ನೂಲು ಬೆರಳಿನಲ್ಲಿಯೇ ಕಡಿದುಹೋಗುವುದನ್ನು ಒಂದು ರಜೆಯಿಡೀ ಅನುಭವಿಸಿದವರಾದರೋ, ಸಾವಿರಾರು ಎಳೆಗಳ ಆ ಹಾಸಿನ ಮುಂದೆ ನಿಂತು, ನಡುವಿನಲ್ಲೊಂದು ಕಡಿದರೆ ಅದನ್ನು ಹುಡುಕುವುದು ಹೇಗೆ, ಕೂಡಿಸುವುದು ಹೇಗೆ ಎಂದು ನೇಕಾರರನ್ನು ಕೇಳುತ್ತಾರೆ.